ಕಲಬುರಗಿಗೆ ಬಂದಿದ್ದೀರಾ? ಮಗುವಿನ ಡಬ್ಬಿಯಲ್ಲಿ ಎರಡು ರೊಟ್ಟಿ ಜಾಸ್ತಿ ಇಡಿ

ಹಾಸನದ ಕಡೆಯಿಂದ ನಾವು ಕಲಬುರಗಿಗೆ ಬಂದು 12 ವರ್ಷವಾಯಿತು. ಇವರಿಗೆ ವರ್ಗವಾದಾಗ ಮಗ ಮೂರನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಮೂರು ವರ್ಷ ಹೇಗೋ ತಳ್ಳಿ ವಾಪಸ್ ಹೋಗೋಣ ಅಂತ ಬಂದವರು ಇಲ್ಲೇ ಮನೆ ಕಟ್ಟಿಕೊಂಡು ಕೂತಿದ್ದೇವೆ. ಈಗ ಜೂನ್ ಬಂತೆಂದರೆ ಯಾರಾದರೂ ಹೊಸಬರು ನನಗೆ ಫೋನ್ ಮಾಡುತ್ತಾರೆ. ಮೈಸೂರಿನವರು, ಮಂಗಳೂರಿನವರು, ದುಬೈ, ಮಸ್ಕತ್‌ನಲ್ಲಿ ಹತ್ತು ವರ್ಷ ದುಡಿದು ಮಕ್ಕಳನ್ನು ಕರೆದುಕೊಂಡು ಮರಳಿದವರು. ಬಾಡಿಗೆ, ನೀರು, ಬಿಸಿಲು ಎಲ್ಲ ವಿಚಾರಿಸಿ ಆದಮೇಲೆ ಸ್ವಲ್ಪ ಸುಮ್ಮನಿದ್ದು ಕೇಳುತ್ತಾರೆ: "ಮಗು ಸ್ಕೂಲಲ್ಲಿ ಒಬ್ಬನೇ ಕೂತಿರ್ತಾನಂತೆ. ಏನ್ಮಾಡೋದು?"

ಮೊದಲು 'ಲೇ' ಅನ್ನೋದನ್ನು ಅರ್ಥ ಮಾಡಿಕೊಳ್ಳಿ ಅಂತೀನಿ ನಾನು.

ನಮ್ಮ ಮಗ ಮೊದಲ ದಿನ ಶಾಲೆಯಿಂದ ಬಂದವನೇ ಚೀಲ ಎಸೆದು ಮುಖ ಊದಿಸಿಕೊಂಡು ಕೂತ. ಪಕ್ಕದ ಹುಡುಗ "ಏನಲೇ, ಯಾವೂರಲೇ ನಿಂದು?" ಅಂತ ಕೇಳಿದ್ದನಂತೆ. ನಮ್ಮ ಕಡೆ ಹುಡುಗರು 'ಲೋ' ಅಂತಾರೆ. 'ಲೇ' ಅಂದರೆ ಗಂಡ ಹೆಂಡತಿಯನ್ನು ಗದರಿಸಿ ಕರೆಯೋ ಮಾತು. "ನನ್ನನ್ನ ಹುಡುಗಿ ಅಂದ್ಕೊಂಡಿದಾರಾ?" ಅನ್ನೋದು ಇವನ ದುಃಖ. ನಾನೂ ಹೊಸಬಳು. ಮಾರನೇ ದಿನ ದೂರು ಕೊಡೋಕೆ ಹೊರಟೆ. ಟೀಚರ್ ಪೂರ್ತಿ ಕೇಳಿಸಿಕೊಂಡು ನಕ್ಕುಬಿಟ್ಟರು. "ನಿಮ್ಮ ಮಗಗ ದೋಸ್ತ ಸಿಕ್ಕಾನ ಬಿಡ್ರಿ. ಬ್ಯಾಡಾದವರಿಗಿ ಯಾರು ಲೇ ಅಂತಾರ್ರಿ?" ಅಂದರು.

ಅವರು ಹೇಳಿದ್ದು ನಿಜ. ಇಲ್ಲಿ ದೂರದವರಿಗೆ 'ರೀ', ಹತ್ತಿರದವರಿಗೆ 'ಲೇ'. ಹೊಸ ಹುಡುಗನಿಗೆ ಮೊದಲ ದಿನವೇ 'ಲೇ' ಸಿಕ್ಕಿದರೆ ಅದು ಬೈಗುಳ ಅಲ್ಲ, ಬಾ ಅಂತ ಕರೆದ ಹಾಗೆ. ಆದರೆ ನಿಮ್ಮ ಮಗು ದೊಡ್ಡವರಿಗೆ ಮಾತ್ರ 'ರೀ' ಹಚ್ಚಲೇಬೇಕು. ಬರ್ರಿ, ಹೌದ್ರಿ, ಹೋಗ್ತೀನ್ರಿ. ಗೆಳೆಯನ ಮನೆಯ ಅಜ್ಜನಿಗೆ ಮುತ್ಯಾ ಅನ್ನಬೇಕು, ಅಜ್ಜಿಗೆ ಆಯಿ. 'ಅಂಕಲ್' ಅಂದರೂ ನಡೆಯುತ್ತದೆ. ಆದರೆ 'ಕಾಕಾ' ಅಂದರೆ ಒಳಗಿನಿಂದ ಚುರುಮುರಿ ಸುಸಲಾ ತಟ್ಟೆಯಲ್ಲೇ ಬರುತ್ತದೆ.

ಇನ್ನೊಂದಿಷ್ಟು ಮಾತು ಶಾಲೆ ಸೇರೋ ಮುಂಚೆ ಕಿವಿಗೆ ಬಿದ್ದಿರಲಿ. ಸಾಲಿ ಅಂದರೆ ಶಾಲೆ. ಕುಂದ್ರು ಅಂದರೆ ಕೂತ್ಕೋ, ನಿಂದ್ರು ಅಂದರೆ ನಿಲ್ಲು. "ಎಷ್ಟನೇತ್ತ?" ಅಂದರೆ ಎಷ್ಟನೇ ಕ್ಲಾಸು ಅಂತ. ಸೂಟಿ ಅಂದರೆ ರಜೆ. ಇದು ಗೊತ್ತಿಲ್ಲದೆ ಮಗ ಒಂದು ದಿನ "ನಾಳೆ ಸೂಟಿಯಂತೆ" ಅಂತ ಬಂದು ಹೇಳಿದ. ಸೂಟು ಹಾಕಿಕೊಂಡು ಬರಬೇಕೇನೋ, ಏನೋ ಕಾರ್ಯಕ್ರಮ ಇರಬೇಕು ಅಂದುಕೊಂಡು ಮದುವೆಗೆ ಹೊಲಿಸಿದ್ದ ಕೋಟು ಇಸ್ತ್ರಿ ಮಾಡಿ ಹಾಕಿ ಕಳಿಸಿದೆ. ಗೇಟಿಗೆ ಬೀಗ. ಎದುರು ಅಂಗಡಿಯವರು ಇವತ್ತಿಗೂ ನನ್ನ ನೋಡಿದರೆ ಕೋಟಿನ ಕಥೆ ತೆಗೀತಾರೆ.

ಹಿಂದಿ, ದಖ್ಖನಿ ಉರ್ದುವೂ ಮಕ್ಕಳ ಬಾಯಲ್ಲಿ ಧಾರಾಳ. ಹೌದು ಅನ್ನೋಕೆ 'ಹೌ', ಬೇಡ ಅನ್ನೋಕೆ 'ನಕ್ಕೋ'. ಒಂದೇ ಬೆಂಚಿನಲ್ಲಿ ಕನ್ನಡ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಬೀದರಿಗೆ ಹೋದರೆ ಮರಾಠಿ ಸೇರುತ್ತದೆ, ಯಾದಗಿರಿಯ ಗುರುಮಠಕಲ್ ಕಡೆ ತೆಲುಗು. ಗಲ್ಫ್‌ನಿಂದ ಬಂದ ಮಕ್ಕಳಿಗೆ ಹಿಂದಿ ಬರುತ್ತಲ್ಲ, ಬೇಗ ಹೊಂದಿಕೊಳ್ಳುತ್ತಾರೆ. ತೊಂದರೆಯೂ ಅಲ್ಲೇ ಇದೆ. ಹಿಂದಿಯಲ್ಲೇ ಕೆಲಸ ನಡೆದುಹೋದರೆ ಕನ್ನಡ ಬಾಯಿಗೆ ಬರೋದೇ ಇಲ್ಲ. ಆಟದ ಬಯಲಲ್ಲಿ ಅರ್ಧ ಜೋಕು ತಪ್ಪಿಹೋಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಇಲ್ಲಿನ ಕನ್ನಡ ತಿದ್ದೋದು. ನಾನು ಮನೆಯಲ್ಲಿ "ಹೋಗಲತ್ತೀನಿ ಅಲ್ಲ, ಹೋಗ್ತಾ ಇದೀನಿ ಅನ್ನು" ಅಂತ ಮಗಳಿಗೆ ಹೇಳುತ್ತಿದ್ದೆ. ಅವಳು ಅದನ್ನೇ ಕ್ಲಾಸಿನಲ್ಲಿ ಪಕ್ಕದವಳಿಗೆ ಹೇಳಿದಳು. ಒಂದು ವಾರ ಅವಳ ಬೆಂಚಿಗೆ ಯಾರೂ ಬರಲಿಲ್ಲ. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' 9ನೇ ಶತಮಾನದ್ದು, ರಾಷ್ಟ್ರಕೂಟರ ಅಮೋಘವರ್ಷನ ಕಾಲದ್ದು. ಅವನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲೂಕಿನಲ್ಲಿದೆ. ಇಲ್ಲಿಗೆ ಬಂದು ನಾನು ಕನ್ನಡ ತಿದ್ದುತ್ತಿದ್ದೆ, ನೋಡಿ!

ಇನ್ನು ಡಬ್ಬಿ. ನಿಜ ಹೇಳಬೇಕೆಂದರೆ ಅರ್ಧ ಗೆಳೆತನ ಇಲ್ಲೇ ಆಗೋದು.

ಮಗಳಿಗೆ ನಾನು ಚಿತ್ರಾನ್ನ, ಉಪ್ಪಿಟ್ಟು ಕಟ್ಟಿ ಕಳಿಸುತ್ತಿದ್ದೆ. ಉಳಿದವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ (ಗೋಂಗೂರ ಸೊಪ್ಪಿನದು), ಬದನೆಕಾಯಿ, ಶೇಂಗಾ ಹಿಂಡಿ ಅಂದರೆ ಕಡಲೆಕಾಯಿ ಚಟ್ನಿಪುಡಿ. ಮಧ್ಯಾಹ್ನ ಎಲ್ಲರೂ ಗುಂಡಗೆ ಕೂತು ಡಬ್ಬಿ ನಡುವೆ ಇಡುತ್ತಾರೆ. ಒಬ್ಬಳು ಕಡಕ್ ರೊಟ್ಟಿ ಮುರಿದು, ಮೇಲೆ ಹಿಂಡಿ ಉದುರಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಮಗಳ ಮುಂದೆ ಹಿಡಿದಳಂತೆ. ಇವಳು "ಬೇಡ, ಥ್ಯಾಂಕ್ಸ್" ಅಂದಳು. ಮನೆಯಲ್ಲಿ ನಾವೇ ಕಲಿಸಿದ್ದು, ಯಾರ ಹತ್ತಿರಾನೂ ಏನೂ ಇಸ್ಕೊಬಾರದು ಅಂತ. ಇಲ್ಲಿ ಕೊಟ್ಟಿದ್ದು ಬೇಡ ಅಂದರೆ ಕೊಟ್ಟವರನ್ನೇ ಬೇಡ ಅಂದ ಹಾಗೆ. ಖಾರ ಆದರೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿ. ಕಣ್ಣಲ್ಲಿ ನೀರು ಬಂದರೆ ಇನ್ನೂ ಒಳ್ಳೆಯದು, ಎಲ್ಲರೂ ನಗುತ್ತಾರೆ, ಯಾರೋ ನೀರಿನ ಬಾಟ್ಲಿ ಕೊಡುತ್ತಾರೆ, ಮಾತು ಶುರುವಾಗುತ್ತದೆ.

ಕೊಡೋಕೂ ಏನಾದರೂ ಇರಬೇಕಲ್ಲ. ನಾನು ಪಕ್ಕದ ಮನೆಯ ಆಯಿಯ ಹತ್ತಿರ ರೊಟ್ಟಿ ಬಡಿಯೋದು ಕಲಿತೆ. ಹಿಟ್ಟಿಗೆ ಕುದಿಯೋ ನೀರು ಬೀಳಬೇಕು, ಇಲ್ಲದಿದ್ದರೆ ಜಿಗುಟು ಬರದೆ ಅಂಚು ಬಿರಿಯುತ್ತದೆ. ಮೊದಲ ತಿಂಗಳು ನನ್ನ ರೊಟ್ಟಿ ಕರ್ನಾಟಕದ ನಕ್ಷೆ ಥರ ಇರುತ್ತಿತ್ತು. ಆದರೂ ದಿನಾ ಎರಡು ಜಾಸ್ತಿ ಇಟ್ಟು ಕಳಿಸಿದೆ. ಚಿತ್ರಾನ್ನ ಬಿಡಬೇಕಾಗಿಲ್ಲ, ನಮ್ಮ ಚಿತ್ರಾನ್ನಕ್ಕೆ ಆಮೇಲೆ ಕ್ಯೂ ಇತ್ತು. ಸರ್ಕಾರಿ ಶಾಲೆಯಾದರೆ ಬಿಸಿಯೂಟ, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಪಕ್ಕದವರ ತಟ್ಟೆ ನೋಡಿ 'ಛೀ' ಅನ್ನಬಾರದು ಅಂತ ಮಗುವಿಗೆ ಮನೆಯಲ್ಲೇ ಹೇಳಿ ಕಳಿಸಿ. ಅದೊಂದು ಅಕ್ಷರ ವರ್ಷಗಟ್ಟಲೆ ನೆನಪಿರುತ್ತದೆ.

ಸೆಪ್ಟೆಂಬರ್ 17ಕ್ಕೆ ಮಗುವನ್ನು ತಪ್ಪದೆ ಕಳಿಸಿ. ನಾವು ಮೊದಲ ವರ್ಷ ಕಳಿಸಲಿಲ್ಲ. ಆಗಸ್ಟ್ 15 ಮುಗೀತಲ್ಲ, ಇದ್ಯಾವ ಧ್ವಜಾರೋಹಣ ಅಂದುಕೊಂಡೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದಿತ್ತು. ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಆ ಕಾಲದ ಕಥೆ ಹೇಳೋ ಮುತ್ಯಾಗಳು ಅನೇಕ ಮನೆಗಳಲ್ಲಿದ್ದರು. ಮಾರನೇ ದಿನ "ನೀ ಯಾಕ ಬರ್ಲಿಲ್ಲ?" ಅಂತ ಕ್ಲಾಸೆಲ್ಲ ಕೇಳಿದಾಗ ಮಗನಿಗೆ ಉತ್ತರ ಇರಲಿಲ್ಲ.

ದಸರೆಯಲ್ಲಿ ಬನ್ನಿ ಎಲೆ ಹಿಡಿದು ಮಕ್ಕಳು ಮನೆಮನೆಗೆ ಬರುತ್ತಾರೆ. "ಬಂಗಾರ ತಗೊಂಡು ಬಂಗಾರದಂಗ ಇರೋಣ" ಅಂತ ಕೈಗೆ ಕೊಟ್ಟು ದೊಡ್ಡವರ ಕಾಲಿಗೆ ಬೀಳುತ್ತಾರೆ. ಆವತ್ತು ಮನೆಗೆ ಬೀಗ ಹಾಕಿ ಊರಿಗೆ ಹೊರಟುಬಿಡಬೇಡಿ. ಮೊದಲ ಒಂದು ವರ್ಷವಾದರೂ ಇಲ್ಲೇ ಇರಿ. ನಿಮ್ಮ ಮಗುವೂ ಒಂದು ಹಿಡಿ ಬನ್ನಿ ಹಿಡಿದು ಹೊರಡಲಿ. ಶಾಲೆಯಲ್ಲಿ ಮಾತು ಬಿಟ್ಟವರ ಮನೆಗೆ ಮೊದಲು ಹೋಗಲಿ, ಅವತ್ತು ಯಾರೂ ಬಾಗಿಲು ಹಾಕುವುದಿಲ್ಲ.

ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡದು ಎಳ್ಳಮಾವಾಸ್ಯೆ. ಡಿಸೆಂಬರ್‌ಗೋ ಜನವರಿಗೋ ಬರುತ್ತದೆ. ಹಾಸನದಲ್ಲಿ ನಾವು ಇದರ ಹೆಸರೂ ಕೇಳಿರಲಿಲ್ಲ. ಕಲಬುರಗಿ, ಬೀದರ್ ಕಡೆ ಅವತ್ತು ಜನ ಎಲ್ಲ ಹೊಲದಲ್ಲಿ. ಮಗನ ಅದೇ 'ಲೇ' ಗೆಳೆಯ ಹಿಂದಿನ ಸಂಜೆ ಬಂದು "ನಾಳಿ ನಮ್ಮ ಹೊಲಕ್ಕ ಬರ್ಬೇಕ್ರಿ, ಎಲ್ಲಾರೂ" ಅಂದ. ನಾನು ಸಂಕೋಚ ಪಟ್ಟೆ, ಪರಿಚಯ ಇಲ್ಲದವರ ಹೊಲಕ್ಕೆ ಹೋಗೋದಾ ಅಂತ. ಬೆಳಗ್ಗೆ ಮನೆ ಮುಂದೆ ಟೆಂಪೋ ನಿಂತೇಬಿಟ್ಟಿತು.

ಆಳುದ್ದ ಬೆಳೆದ ಬಿಳಿಜೋಳ. ನಡುವೆ ದಂಟಿನಿಂದ ಕಟ್ಟಿದ ಪುಟ್ಟ ಗುಡಿಸಲು, ಒಳಗೆ ಐದು ಕಲ್ಲಿಗೆ ಪಾಂಡವರು ಅಂತ ಪೂಜೆ. ಹೊಲದ ಸುತ್ತ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲುವಾಗ ಹುಡುಗರ ಕೂಗೇ ಕೂಗು. ಆಮೇಲೆ ಊಟ. ಸಜ್ಜೆ ರೊಟ್ಟಿ, ಅಂಬಲಿ, ಕಡುಬು, ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿಯೋ ಬಜ್ಜಿ ಅಲ್ಲ. ಆ ಕಾಲದ ಹಸಿಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸಿ ಕಡಲೆಹಿಟ್ಟು, ಹುಣಸೆಹುಳಿ ಬೆರೆಸಿದ ಪಲ್ಯ. ಊಟವಾದ ಮೇಲೆ ಹುಡುಗರು ಜೋಳದ ಸಾಲಿನಲ್ಲಿ ಕಣ್ಣಾಮುಚ್ಚಾಲೆ ಶುರು ಮಾಡಿದರು. ಮಗ ಎಲ್ಲೂ ಕಾಣಿಸಲಿಲ್ಲ. ನಾನು ಗಾಬರಿಯಾಗಿ ಕೂಗಿದರೆ ದಂಟುಗಳ ಒಳಗಿನಿಂದ ಅವನದೇ ದನಿ: "ನಿಂದ್ರಲೇ, ನಾ ಬರಲತ್ತೀನಿ!" ಅವನು ನನಗೆ ಉತ್ತರ ಕೊಟ್ಟಿದ್ದಲ್ಲ. ಬಂದು ಆರೇಳು ತಿಂಗಳಾಗಿತ್ತಷ್ಟೆ.

ಭಾನುವಾರಕ್ಕೆ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಅಪ್ಪನ ಕೆರೆ ಇದೆ. ಒಬ್ಬರೋ ಇಬ್ಬರೋ ಕ್ಲಾಸಿನ ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಾರ್ಚ್ ಮೇಲೆ ಬೆಳಗ್ಗೆ ಹತ್ತರ ಒಳಗೆ ಇಲ್ಲವೇ ಸಂಜೆ ಐದರ ಮೇಲೆ, ನಡುವೆ ಬಿಸಿಲಿಗೆ ಬಿಡಲೇಬೇಡಿ.

ಎಂಟು, ಒಂಬತ್ತನೇ ಕ್ಲಾಸಿಗೆ ಸೇರುವ ಮಕ್ಕಳಿಗೆ ಸ್ವಲ್ಪ ಕಷ್ಟ, ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ. "ಪುಸ್ತಕದಾಗಿನ ಮಾತು ಮಾತಾಡ್ತಾನ" ಅಂತ ರೇಗಿಸುತ್ತಾರೆ. ಅಂಥವರಿಗೆ ಕಬಡ್ಡಿ, ಕ್ರಿಕೆಟ್ಟು, ಒಂದೇ ಆಟೋದಲ್ಲಿ ಹೋಗಿಬರುವ ಜೊತೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ನಿಮ್ಮ ಬಡಾವಣೆಯಿಂದ ಯಾರು ಬರುತ್ತಾರೆ ಅಂತ ಕ್ಲಾಸ್ ಟೀಚರನ್ನು ಕೇಳಿ. ಹಾಗಂತ ಎಲ್ಲವನ್ನೂ 'ಲೇ' ಲೆಕ್ಕಕ್ಕೆ ಹಾಕಬೇಡಿ. ದಿನಾ ಡಬ್ಬಿ ಕಿತ್ತುಕೊಳ್ಳುವುದು, ಹೊಡೆಯುವುದು, ಸೋಮವಾರ ಬಂದರೆ ಮಗುವಿಗೆ ಹೊಟ್ಟೆನೋವು ಬರುವುದು, ಇದು ಬೇರೆ. ಅವತ್ತೇ ಶಾಲೆಗೆ ಹೋಗಿ ಮಾತಾಡಿ.

ಈ ಸಲದ ಎಳ್ಳಮಾವಾಸ್ಯೆಗೆ ನಿಮ್ಮನ್ನು ಯಾರೂ ಕರೆಯದಿದ್ದರೆ ನಮ್ಮ ಜೊತೆ ಬನ್ನಿ. ಟೆಂಪೋದಲ್ಲಿ ಜಾಗ ಇರುತ್ತದೆ. ಬರುವಾಗ ಒಂದು ಖಾಲಿ ಡಬ್ಬಿ ತನ್ನಿ, ಭಜ್ಜಿ ಕಟ್ಟಿಕೊಡದೆ ಅವರು ಕಳಿಸುವುದಿಲ್ಲ.