ಗಂಟೆಗೆ 25 ಕಿ.ಮೀ. ವೇಗ ದಾಟಿದರೆ ಇ-ಸೈಕಲ್ ಹಿಂದಕ್ಕೆ ಎಳೆಯುತ್ತಿತ್ತು: ನಾನು ಸರಿಮಾಡಿದ್ದು ಹೀಗೆ

ಒಳಗೆ ಗೇರ್ ಇರುವ 250 ವ್ಯಾಟ್ ಹಬ್ ಮೋಟಾರ್, ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್. 25 ದಾಟಿ ಮೋಟಾರ್ ನಿಂತ ಕೂಡಲೇ ಯಾರೋ ಕ್ಯಾರಿಯರ್ ಹಿಡಿದು ಎಳೆದ ಹಾಗೆ ಪೆಡಲ್ ಭಾರ. ಟಯರಿಗೆ ಗಾಳಿ, ಚೈನಿಗೆ ಎಣ್ಣೆ, ಬ್ರೇಕ್ ಸಡಿಲಿಸಿದ್ದು, ಯಾವುದೂ ಉಪಯೋಗವಾಗಲಿಲ್ಲ. ಹೊಸ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸುಮ್ನೆ ದಂಡ.

ಕೊನೆಗೆ ಪವರ್ ಆಫ್ ಮಾಡಿ ಚಕ್ರ ಎತ್ತಿ ತಿರುಗಿಸಿದೆ. ಮುಂದಕ್ಕೆ ಸಲೀಸು, ಹಿಂದಕ್ಕೆ ಬಿಗಿ ಇರಬೇಕು. ನನ್ನದು ಎರಡೂ ಕಡೆ ಬಿಗಿ, ಒಳಗೆ ಗೊರಗೊರ ಸದ್ದು. ಅಂದರೆ ಮೋಟಾರ್ ನಿಂತಾಗ ಚಕ್ರವನ್ನು ಅದರಿಂದ ಬಿಡಿಸಬೇಕಾದ, ಹಬ್ ಒಳಗಿನ ಕ್ಲಚ್ ಬಿಡುತ್ತಿಲ್ಲ.

ಬ್ಯಾಟರಿ ತೆಗೆದು, ಮೋಟಾರ್ ಪ್ಲಗ್ ಬಿಚ್ಚಿ, ಚಕ್ರ ಕಳಚಿ ಹಬ್ ಮುಚ್ಚಳ ತೆರೆದೆ. ಕ್ಲಚ್ಚಿನ ರೋಲರ್‌ಗಳಿಗೆ ಹಳೇ ಗ್ರೀಸ್ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಕ್ಲಚ್ ಮಾತ್ರ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಎರಡೇ ಹನಿ ಬಿಟ್ಟೆ. ಗ್ರೀಸ್ ಗೇರ್ ಹಲ್ಲುಗಳಿಗಷ್ಟೇ. ಕ್ಲಚ್ಚಿಗೆ ಹಾಕಿದರೆ ಮತ್ತೆ ಅಂಟುತ್ತದೆ. ಈಗ 30ರಲ್ಲೂ ಪೆಡಲ್ ಹಗುರ.