ಶಾಲೆಯಲ್ಲಿ ಮಗುವಿಗೆ ಎಲ್ಲಿ ಹೆದರಿಕೆ? ಮೊದಲು ಒಂದು ನಕ್ಷೆ ಬರೆಸಿ

ಒಂದು ದೊಡ್ಡ ಡ್ರಾಯಿಂಗ್ ಹಾಳೆ. ಒಂದು ಕೆಂಪು ಬಣ್ಣದ ಕಡ್ಡಿ, ಒಂದು ಹಸಿರು. ಶಾಲೆಯಲ್ಲಿ ಮಕ್ಕಳು ನಿಶ್ಚಿಂತೆಯಿಂದ ಇರುವಂತೆ ಮಾಡುವ ಕೆಲಸಕ್ಕೆ ಮೊದಲ ದಿನ ಬೇಕಾಗುವುದು ಇಷ್ಟೇ. ಸಿಸಿ ಕ್ಯಾಮೆರಾ, ಎತ್ತರದ ಕಾಂಪೌಂಡ್, ಗೇಟಿಗೊಬ್ಬ ಗಾರ್ಡ್ ಇವೆಲ್ಲ ಆಮೇಲೆ. ಮಗು ಎಲ್ಲಿ ಹೆದರುತ್ತದೆ ಅಂತಲೇ ಗೊತ್ತಿಲ್ಲದೆ ಕ್ಯಾಮೆರಾ ಎಲ್ಲಿ ಹಾಕುತ್ತೀರಿ?

ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಸದಸ್ಯೆಯಾಗಿದ್ದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಖಾಸಗಿ ಶಾಲೆಗೂ ಇದೇ ದಾರಿ ನಡೆಯುತ್ತದೆ.

ನಕ್ಷೆ ಬರೆಸುವುದು ಹೇಗೆ

ಐದನೇ ತರಗತಿಯಿಂದ ಮೇಲಿನ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ. ಹುಡುಗಿಯರದು ಬೇರೆ, ಹುಡುಗರದು ಬೇರೆ. ಆ ಒಂದು ಗಂಟೆ ತರಗತಿಯ ಶಿಕ್ಷಕರು ಕೊಠಡಿಯಲ್ಲಿ ಇರುವುದು ಬೇಡ. ಮಕ್ಕಳಿಗೆ ಸಲಿಗೆಯಿರುವ ಒಬ್ಬ ತಾಯಿಯೋ, ಆಶಾ ಕಾರ್ಯಕರ್ತೆಯೋ ಕೂತರೆ ಒಳ್ಳೆಯದು. ಹಾಳೆಯ ಮೇಲೆ ಯಾರ ಹೆಸರೂ ಬೇಡ.

ಗೇಟಿನಿಂದ ಶುರು ಮಾಡಿಸಿ. ಜಗಲಿ, ಕೊಠಡಿ, ಅಡುಗೆ ಮನೆ, ನಲ್ಲಿ, ಶೌಚಾಲಯ, ಆಟದ ಬಯಲು, ಸಾಮಾನು ತುಂಬಿಟ್ಟ ಕೋಣೆ, ಮನೆಗೆ ಹೋಗುವ ದಾರಿ. ಇರಲು ಖುಷಿಯಾಗುವ ಜಾಗಕ್ಕೆ ಹಸಿರು. ಒಬ್ಬರೇ ಹೋಗಲು ಮನಸ್ಸಾಗದ ಜಾಗಕ್ಕೆ ಕೆಂಪು. ಕೆಂಪು ಹಚ್ಚಿದ ಕಡೆಯೆಲ್ಲ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ಯಾವ ಹೊತ್ತಿನಲ್ಲಿ ಹೆದರಿಕೆ ಆಗುತ್ತೆ?’ ‘ಯಾರಿಂದ?’ ಅಂತ ಎಲ್ಲರ ಎದುರು ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೇಳಬೇಕು ಅನ್ನಿಸಿದ ಮಗು ಆಮೇಲೆ ತಾನಾಗಿಯೇ ಹತ್ತಿರ ಬರುತ್ತದೆ.

ನಮ್ಮ ಶಾಲೆಯಲ್ಲಿ ದೊಡ್ಡವರೆಲ್ಲ ಹಿಂದಿನ ಮುರುಕು ಕಾಂಪೌಂಡಿನ ಬಗ್ಗೆಯೇ ಚಿಂತೆ ಮಾಡುತ್ತಿದ್ದೆವು. ಆದರೆ ಹುಡುಗಿಯರ ಐದು ಗುಂಪಿನಲ್ಲಿ ನಾಲ್ಕು ಗುಂಪು ಕೆಂಪು ಬಳಿದದ್ದು ಕೈ ತೊಳೆಯುವ ನಲ್ಲಿಗೆ. ನಮಗೆ ಆಶ್ಚರ್ಯ. ಅಲ್ಲಿ ಎಂಟು ನಲ್ಲಿ ಇದ್ದವು, ನೀರು ಬರುತ್ತಿದ್ದದ್ದು ಮೂರರಲ್ಲಿ. ಬಿಸಿಯೂಟ ಮುಗಿದ ಮೇಲೆ ಇಡೀ ಶಾಲೆ ತಟ್ಟೆ ಹಿಡಿದು ಅಲ್ಲಿಗೇ ನುಗ್ಗುತ್ತಿತ್ತು. ದೊಡ್ಡ ಹುಡುಗರು ಮುಂದೆ. ತಳ್ಳುವುದು, ಜಡೆ ಎಳೆಯುವುದು, ತಟ್ಟೆ ಕಸಿದು ಎಸೆಯುವುದು, ಎಲ್ಲಾ ಆ ಹತ್ತು ನಿಮಿಷದಲ್ಲೇ. ಆರನೇ ತರಗತಿಯ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: ‘ನಾನು ತಟ್ಟೆ ತೊಳಿಯೋದೇ ಇಲ್ಲ ಆಂಟಿ. ಹಾಗೇ ಬ್ಯಾಗಲ್ಲಿ ಇಟ್ಕೊಂಡು ಹೋಗ್ತೀನಿ.’ ಅವಳ ಬ್ಯಾಗು ತೆರೆದು ನೋಡಿದೆ. ಗಣಿತದ ಪುಸ್ತಕದ ಅಂಚಿಗೆ ಸಾಂಬಾರಿನ ಹಳದಿ ಕಲೆ ಒಣಗಿ ಅಂಟಿತ್ತು. ಪುಸ್ತಕ ಹಾಳು ಮಾಡುತ್ತೀಯ ಅಂತ ಮನೆಯಲ್ಲಿ ದಿನಾ ಬೈಗುಳ ಬೇರೆ ತಿನ್ನುತ್ತಿದ್ದಳಂತೆ.

ಪರಿಹಾರ ಕಷ್ಟದ್ದಾಗಿರಲಿಲ್ಲ. ಪ್ಲಂಬರ್ ಕರೆಸಿ ಐದು ನಲ್ಲಿ ರಿಪೇರಿ ಮಾಡಿಸಿದೆವು. ಚಿಕ್ಕ ತರಗತಿಗಳನ್ನು ಊಟಕ್ಕೆ ಹತ್ತು ನಿಮಿಷ ಮೊದಲೇ ಬಿಟ್ಟರು. ತಟ್ಟೆ ತೊಳೆಯುವ ಹೊತ್ತಿಗೆ ಒಬ್ಬರು ಶಿಕ್ಷಕರು ನಲ್ಲಿಯ ಪಕ್ಕ ನಿಂತರು. ಒಂದೇ ವಾರದಲ್ಲಿ ಆ ಜಾಗದ ಗಲಾಟೆ ನಿಂತಿತು.

ಶೌಚಾಲಯದ ಬಗ್ಗೆ ಒಂದು ಮಾತು. ಒಳಗಿನ ಚಿಲಕ ಸರಿ ಇದೆಯೇ ಅಂತ ಇವತ್ತೇ ಹೋಗಿ ನೋಡಿ. ಚಿಲಕ ಇಲ್ಲದಿದ್ದರೆ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಇದು ಯಾವ ತಾಯಿಗೂ ಗೊತ್ತಿರುವ ಸಂಗತಿ.

ಬೆಲ್ ಮತ್ತು ಬೆಲ್ ನಡುವಿನ ಹೊತ್ತು

ನಕ್ಷೆಗಳನ್ನು ಒಟ್ಟಿಗೆ ಗೋಡೆಗೆ ಹಚ್ಚಿ ನೋಡಿ. ನಮ್ಮಲ್ಲಿ ಕೆಂಪು ಬಂದದ್ದೆಲ್ಲ ಹೆಚ್ಚುಕಮ್ಮಿ ಪಾಠ ಇಲ್ಲದ ಹೊತ್ತಿನದು. ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ, ಇಂಟರ್ವಲ್, ಊಟ, ಸಂಜೆ ಬಿಟ್ಟ ಮೇಲೆ. ಡ್ಯೂಟಿ ಪಟ್ಟಿ ಮಾಡುವಾಗ ಶಿಕ್ಷಕರ ಹೆಸರಿನ ಮುಂದೆ ಸುಮ್ನೆ ‘ಮೇಲ್ವಿಚಾರಣೆ’ ಅಂತ ಬರೆಯಬೇಡಿ. ನಿಲ್ಲುವ ಜಾಗ ಬರೆಯಿರಿ: ನಲ್ಲಿಯ ಹತ್ತಿರ, ಶೌಚಾಲಯದ ತಿರುವಿನಲ್ಲಿ, ಗೇಟಿನಲ್ಲಿ. ಒಬ್ಬರೇ ಶಿಕ್ಷಕರಿರುವ ಶಾಲೆಗಳೂ ನಮ್ಮಲ್ಲಿವೆ. ಅಂಥ ಕಡೆ ಊಟದ ಹೊತ್ತಿಗೆ ದಿನಕ್ಕೊಬ್ಬ ಪೋಷಕರು ಸರದಿ ಮೇಲೆ ಬಂದು ನಿಂತರೆ ಸಾಕು.

ಜಗಳವೋ, ಕಾಟವೋ?

ಮಕ್ಕಳು ಜಗಳ ಆಡುತ್ತಾರೆ, ಮರುದಿನ ಒಂದೇ ಪೆಪ್ಪರ್‌ಮಿಂಟ್ ಕಚ್ಚಿ ಹಂಚಿಕೊಳ್ಳುತ್ತಾರೆ. ಅದಕ್ಕೆ ನಾವು ತಲೆ ಹಾಕುವ ಅಗತ್ಯ ಜಾಸ್ತಿ ಇಲ್ಲ. ಕಾಟ ಬೇರೆ. ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಡಾನ್ ಓಲ್ವೇಯಸ್ ಎಂಬ ಸಂಶೋಧಕರು. ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಹುಡುಗರು ಸಹಪಾಠಿಗಳ ಕಾಟ ತಾಳದೆ ಜೀವ ಕಳೆದುಕೊಂಡರೆಂಬ ಸುದ್ದಿ ಇಡೀ ದೇಶವನ್ನು ಅಲ್ಲಾಡಿಸಿತು. 1983ರಲ್ಲಿ ಅಲ್ಲಿನ ಸರ್ಕಾರ ಎಲ್ಲಾ ಶಾಲೆಗಳಲ್ಲಿ ಆಂದೋಲನ ಶುರು ಮಾಡಿತು. ಓಲ್ವೇಯಸ್ ಹೇಳುವ ಗುರುತು ಮೂರು. ಬೇಕಂತಲೇ ನೋಯಿಸುವುದು. ಮತ್ತೆ ಮತ್ತೆ ನೋಯಿಸುವುದು. ಎದುರಾಡಲು ಆಗದವರನ್ನೇ ಆರಿಸಿಕೊಳ್ಳುವುದು. ಮೂರೂ ಕಂಡರೆ ಅದು ಜಗಳವಲ್ಲ.

ಹಾಗಿದ್ದಾಗ ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ‘ಕೈ ಕೊಡಿ, ಫ್ರೆಂಡ್ಸ್ ಆಗಿ’ ಅನ್ನಬೇಡಿ. ಒದೆ ತಿಂದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಬೇರೆ ಬೇರೆ ಕೂರಿಸಿ ಕೇಳಿ. ಮೊದಲು ನೊಂದವನನ್ನು, ಆಮೇಲೆ ನೋಡಿದವರನ್ನು, ಕೊನೆಗೆ ಕಾಟ ಕೊಟ್ಟವನನ್ನು. ಅವನನ್ನು ಪ್ರಾರ್ಥನೆ ಸಾಲಿನಲ್ಲಿ ನಿಲ್ಲಿಸಿ ಮಾನ ಕಳೆಯುವುದೂ ತಪ್ಪು. ಆ ಸಿಟ್ಟು ತಿರುಗಿ ಅದೇ ಮಗುವಿನ ಮೇಲೆ ಬೀಳುತ್ತದೆ. ಏನು ಮಾಡಿದೆ ಅಂತ ಅವನ ಬಾಯಿಂದಲೇ ಹೇಳಿಸಿ. ಹರಿದ ಪುಸ್ತಕ ಅಂಟಿಸಿಕೊಡಲಿ, ಎಸೆದ ತಟ್ಟೆ ತೊಳೆದು ತರಲಿ. ಒಂದು ವಾರ ಬಿಟ್ಟು ಇಬ್ಬರನ್ನೂ ಮತ್ತೆ ವಿಚಾರಿಸಿ. ಈ ಮರುವಿಚಾರಣೆಯೇ ಮುಖ್ಯ, ಇದನ್ನೇ ನಾವು ಮರೆಯುವುದು.

ಸುತ್ತ ನಿಂತು ನಗುವವರನ್ನು ಬಿಡಬೇಡಿ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮ ನಿಂತಿರುವುದೇ ನೋಡುಗರ ಮೇಲೆ. ನಗುವವರಿಲ್ಲದಿದ್ದರೆ ಕಾಟ ಕೊಡುವವನಿಗೆ ಹುಮ್ಮಸ್ಸಿಲ್ಲ. ನಮ್ಮ ಶಾಲೆಗಳ ಮೀನಾ ತಂಡದ ಹುಡುಗಿಯರಿಗೆ ಈ ಕೆಲಸ ಚೆನ್ನಾಗಿ ಒಪ್ಪುತ್ತದೆ: ಒಂಟಿಯಾದ ಮಗುವಿನ ಪಕ್ಕ ಹೋಗಿ ನಿಲ್ಲುವುದು, ಆಟಕ್ಕೆ ಕರೆಯುವುದು.

ಜಾತಿ ಹಿಡಿದು ಕೂಗುವುದು, ಊಟದ ಸಾಲಿನಲ್ಲಿ ದೂರ ಕೂರಿಸುವುದು ತಮಾಷೆ ಅಲ್ಲವೇ ಅಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಈ ವಿಷಯದಲ್ಲಿ ‘ಮಕ್ಕಳು, ಬಿಡಿ’ ಅನ್ನಬಾರದು. ಮಗು ಆ ಮಾತು ಕಲಿತದ್ದು ದೊಡ್ಡವರಿಂದ. ಮನೆಯವರನ್ನು ಕರೆಸಿ ಮಾತಾಡಿ.

ಬೆತ್ತದ ಮಾತು

‘ಮೇಷ್ಟ್ರೇ, ಎರಡು ಕಣ್ಣು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ.’ ನಮ್ಮ ಹಳ್ಳಿಗಳಲ್ಲಿ ಅಪ್ಪಂದಿರು ಮಗನನ್ನು ಶಾಲೆಗೆ ಬಿಡುವಾಗ ಹೇಳುತ್ತಿದ್ದ ಮಾತಿದು. ಕೋದಂಡ ಹಾಕುವ ಕಾಲ ಹೋಯಿತು, ಆದರೆ ಬಸ್ಕಿ, ಕಿವಿ ಹಿಂಡುವುದು, ಮೊಣಕಾಲೂರಿಸುವುದು ಪೂರ್ತಿ ಹೋಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ತಪ್ಪಿದ ಶಿಕ್ಷಕರ ಮೇಲೆ ಶಿಸ್ತುಕ್ರಮ ಆಗುತ್ತದೆ. ದೊಡ್ಡವರು ಚಿಕ್ಕವರನ್ನು ಹೊಡೆಯಬಹುದು ಅಂತ ತರಗತಿಯಲ್ಲೇ ತೋರಿಸಿಕೊಟ್ಟು, ಆಟದ ಬಯಲಿನಲ್ಲಿ ಮಾತ್ರ ಹೊಡೆಯಬೇಡಿ ಅಂದರೆ ಮಕ್ಕಳು ಹೇಗೆ ಕೇಳುತ್ತಾರೆ?

ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಅದೇ ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು ಅನ್ನುತ್ತದೆ. ಎರಡು ತರಗತಿಯನ್ನು ಒಂದೇ ಕೊಠಡಿಯಲ್ಲಿ ನಡೆಸುವವರಿಗೆ ‘ಬೆತ್ತ ಬಿಡಿ’ ಅಂತಷ್ಟೇ ಹೇಳಿ ಹೋದರೆ ಅನ್ಯಾಯ. ಖಾಲಿ ಹುದ್ದೆಯ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಎಸ್‌ಡಿಎಂಸಿ ಠರಾವು ಬರೆದು ಕಳಿಸಲಿ. ಜೂನ್ ತಿಂಗಳಲ್ಲೇ ಮಕ್ಕಳಿಂದಲೇ ಐದು ನಿಯಮ ಬರೆಸಿ ಗೋಡೆಗೆ ಹಚ್ಚಿ. ತಾವೇ ಬರೆದದ್ದನ್ನು ಮಕ್ಕಳು ತಮ್ಮತಮ್ಮಲ್ಲೇ ಕಾಯುತ್ತಾರೆ.

ಮಗು ಹೇಳಿದಾಗ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ.

ಯಾರೋ ಮೈ ಮುಟ್ಟಿದರು ಅಂತ ಮಗು ಹೇಳಿದರೆ, ನಿಮ್ಮ ಮುಖದಲ್ಲಿ ಗಾಬರಿ ಕಾಣಬಾರದು. ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. ‘ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನದೇನೂ ತಪ್ಪಿಲ್ಲ. ನಾನು ನಿನ್ನ ಜೊತೆ ಇರ್ತೀನಿ.’ ಇಷ್ಟು ಹೇಳಿ. ‘ಅಲ್ಲಿಗೆ ಯಾಕೆ ಹೋದೆ?’, ‘ಮೊದಲೇ ಯಾಕೆ ಹೇಳಲಿಲ್ಲ?’ ಈ ಎರಡು ಪ್ರಶ್ನೆ ಬಾಯಿಗೆ ಬಂದರೂ ನುಂಗಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ‘ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಮಗು ಬಳಸಿದ ಮಾತನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ಒಬ್ಬರಾದ ಮೇಲೆ ಒಬ್ಬರು ಕೇಳಿ ಹತ್ತು ಸಲ ಹೇಳಿಸಬೇಡಿ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ, ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಊರ ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡುವುದಕ್ಕೆ, ಶಾಲೆಯ ಹೆಸರು ಉಳಿಸುವುದಕ್ಕೆ ಅವಕಾಶವೇ ಇಲ್ಲ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ.

ಪೋಷಕರು ಹೆದರುವುದು ಠಾಣೆಗೆ, ಅಲ್ವಾ? ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು. ಬರುವ ಪೊಲೀಸರು ಸಮವಸ್ತ್ರ ಹಾಕಿರಬಾರದು, ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನವರೇ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಫೋಟೋ, ಶಾಲೆ ಯಾವುದೂ ಹೊರಗೆ ಬರುವಂತಿಲ್ಲ. ಹಾಗಾಗಿ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದಕ್ಷರವೂ ಬೇಡ.

ಪೆಟ್ಟಿಗೆ, ಗೇಟು, ಗೋಡೆ

ದೂರು ಪೆಟ್ಟಿಗೆ ಮುಖ್ಯ ಶಿಕ್ಷಕರ ಕೋಣೆ ಬಾಗಿಲಿಗೆ ನೇತು ಹಾಕಿದರೆ ಯಾರೂ ಚೀಟಿ ಹಾಕುವುದಿಲ್ಲ. ನಾಲ್ಕು ಜನ ನೋಡದ, ಒಂದನೇ ತರಗತಿ ಮಗುವಿನ ಕೈಗೂ ಎಟುಕುವ ಜಾಗ ಬೇಕು. ಬೀಗಕ್ಕೆ ಎರಡು ಕೀಲಿ. ಒಂದು ಶಿಕ್ಷಕಿಯ ಹತ್ತಿರ, ಒಂದು ಒಬ್ಬ ತಾಯಿಯ ಹತ್ತಿರ. ವಾರಕ್ಕೊಮ್ಮೆ ಇಬ್ಬರೂ ಸೇರಿಯೇ ತೆರೆಯಲಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಿದರೂ ನಡೆಯುತ್ತದೆ.

ಗೇಟಿನಲ್ಲಿ ಬಂದವರ ಹೆಸರು ಬರೆಯುವ ಪುಸ್ತಕ ಇರಲಿ. ಮಗುವನ್ನು ಕರೆದೊಯ್ಯಲು ಹೊಸಬರು ಬಂದರೆ ಮನೆಗೆ ಫೋನ್ ಮಾಡಿಯೇ ಕಳಿಸಿ. ಶಾಲಾ ವ್ಯಾನಿನಲ್ಲಿ ಕೊನೆಗೆ ಇಳಿಯುವ ಮಗು ಯಾರು, ಅದು ಎಷ್ಟು ಹೊತ್ತು ಒಂಟಿಯಾಗಿ ಇರುತ್ತದೆ ಅಂತ ಕೇಳಿ ತಿಳಿದುಕೊಳ್ಳಿ.

ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಪೇಂಟಿನಲ್ಲಿ ಮೂರು ನಂಬರ್ ಬರೆಸಿ. 1098 ಮಕ್ಕಳ ಸಹಾಯವಾಣಿ. 112 ತುರ್ತು ಕರೆ. 14416 ಟೆಲಿ ಮಾನಸ್, ಮನಸ್ಸು ಕುಗ್ಗಿದಾಗ ಮಾತಾಡಲು. ಮಕ್ಕಳ ಗ್ರಾಮ ಸಭೆಗೆ ನಕ್ಷೆಯನ್ನೂ ತೆಗೆದುಕೊಂಡು ಹೋಗಿ. ಬೀದಿ ದೀಪ, ಕಾಂಪೌಂಡ್, ನೀರು ಇವನ್ನು ಪಂಚಾಯಿತಿಯವರ ಮುಂದೆ ಮಕ್ಕಳೇ ಬಾಯಿಬಿಟ್ಟು ಕೇಳಿದರೆ ಅದರ ತೂಕ ಬೇರೆ.

ಮೂರು ತಿಂಗಳಿಗೆ ಮತ್ತೆ ಅದೇ ಹಾಳೆ, ಅದೇ ಬಣ್ಣ. ನಮ್ಮಲ್ಲಿ ಎರಡನೇ ಸಲ ಬರೆಸಿದಾಗ ನಲ್ಲಿಗೆ ಹಸಿರು ಬಂದಿತ್ತು. ಆದರೆ ಗೇಟಿನಾಚೆ, ಬಸ್ ಸ್ಟಾಪಿನ ಪಕ್ಕದ ಬೀಡಾ ಅಂಗಡಿಗೆ ಹೊಸದಾಗಿ ಕೆಂಪು ಹಚ್ಚಿದ್ದರು. ಮೊದಲ ಸಲ ಅದನ್ನು ಯಾರೂ ಬರೆದಿರಲಿಲ್ಲ. ಮಾರನೇ ದಿನ ಸಂಜೆ ನಾಲ್ಕೂವರೆಗೆ ನಾವು ಮೂವರು ತಾಯಂದಿರು ಆ ಬಸ್ ಸ್ಟಾಪಿನಲ್ಲಿ ಹೋಗಿ ನಿಂತೆವು.