ಕಾಲಲ್ಲೇ ಟೋನ್ ಬದಲಿ: ಪ್ರೋಗ್ರಾಂ ಚೇಂಜ್ ಪೆಡಲ್ ಮಾಡಿದ ನನ್ನ ಅನುಭವ

ಕೀಬೋರ್ಡಿನ ಟೋನನ್ನು ಕಾಲಿನಿಂದಲೇ ಬದಲಿಸುವ ಪೆಡಲ್ ಮಾಡಲು ಹೊರಟಾಗ, "ಇವೆಲ್ಲಾ ಬ್ಯಾಡ್ರಿ, ಕೈಲೆ ಬಟನ್ ಒತ್ತೋದೇ ಛಲೋ" ಅಂತ ಕಲಬುರಗಿಯ ಆರ್ಕೆಸ್ಟ್ರಾ ಮಂದಿ ಹೇಳುತ್ತಲೇ ಇದ್ದರು. ಹಾಡಿನ ನಡುವೆ ಮಿಡಿ (ವಾದ್ಯಗಳು ತಂತಿಯಲ್ಲಿ ಮಾತಾಡುವ ಡಿಜಿಟಲ್ ಭಾಷೆ) ಸಂದೇಶ ಕಳಿಸಿ ಟೋನ್ ಬದಲಿಸಿದರೆ ಒಂದಿಲ್ಲೊಂದು ರಾತ್ರಿ ಅದು ಕೈಕೊಡುತ್ತದೆ ಅನ್ನುವುದು ಅವರ ಅನುಮಾನ. ಶರಣಬಸವೇಶ್ವರ ಜಾತ್ರೆಯ ಸುತ್ತಮುತ್ತ ಸುಮಾರು ಹದಿನೈದು ಕಾರ್ಯಕ್ರಮ ಈ ಪೆಡಲ್ ಮೇಲೆಯೇ ನಡೆದವು. ಒಂದು ಸಲವೂ ತಪ್ಪು ಟೋನ್ ಬರಲಿಲ್ಲ. ಆಮೇಲೆ ಅವರಲ್ಲೇ ಇಬ್ಬರು ತಮಗೂ ಒಂದೊಂದು ಮಾಡಿಕೊಡಲು ಕೇಳಿದ್ದಾರೆ.

ದುಡ್ಡು ಹಾಳಾಗಿದ್ದು ಮೊದಲ ಎರಡು ಪ್ರಯತ್ನಗಳಲ್ಲಿ. ಓಟಿಜಿ ಕೇಬಲ್ ಹಾಕಿ ಫೋನಿನಿಂದ ಕಳಿಸಿದಾಗ ಸಂದೇಶವೇನೋ ಸರಿಯಾಗಿ ಹೋಗುತ್ತಿತ್ತು. ಆದರೆ ಪರದೆ ಮುಟ್ಟಲು ಕೈ ಬೇಕೇ ಬೇಕು, ಫೋನ್ ಚಾರ್ಜ್ ಆಗುವುದಿಲ್ಲ, ನಡುವೆ ಕರೆ ಬಂದರೆ ಕೆಲಸ ಕೆಟ್ಟಿತು. ಎರಡನೆಯದು ಲ್ಯಾಪ್‌ಟಾಪ್ ಮತ್ತು ಐನೂರರ ಆಸುಪಾಸಿನ ಯುಎಸ್‌ಬಿ-ಮಿಡಿ ಕೇಬಲ್. ಟೋನ್ ಬದಲಿಸುವ ಎಂಟು ಬೈಟ್ ಒಂದೇ ಉಸಿರಿಗೆ ಕಳಿಸಿದರೆ ಆ ಕೇಬಲ್ ನಡುವೆ ಒಂದೆರಡನ್ನು ನುಂಗುತ್ತಿತ್ತು. ಬ್ಯಾಂಕ್ (ಟೋನುಗಳ ಗುಂಪು) ಸಂದೇಶ ಬಿದ್ದುಹೋಗಿ ಪ್ರೋಗ್ರಾಂ (ಆ ಗುಂಪಿನೊಳಗಿನ ಟೋನ್ ನಂಬರ್) ಮಾತ್ರ ತಲುಪಿದರೆ ನಂಬರ್ ಸರಿ, ಬ್ಯಾಂಕ್ ತಪ್ಪು. ನಿಮ್ಮಲ್ಲೂ 'ಒಮ್ಮೊಮ್ಮೆ ಮಾತ್ರ' ಬೇರೆ ಟೋನ್ ಬರುತ್ತಿದ್ದರೆ ಮೊದಲು ಕೇಬಲ್ ನೋಡಿ. ಮೇಲಾಗಿ ಚಾರ್ಜರ್ ಸಿಕ್ಕಿಸಿದೊಡನೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು. ಅದು ಅರ್ಥಿಂಗ್ ಲೂಪ್. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಬಿಟ್ಟರೆ ನಿಲ್ಲುತ್ತದೆ, ಆದರೆ ನಾಲ್ಕು ತಾಸಿನ ಭಜನೆಗೆ ಬ್ಯಾಟರಿ ಸಾಲದು.

ಈಗಿರುವುದು ಆರ್ಡುಯಿನೊ ಉನೊ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡು, ಮೂರು ಫುಟ್‌ಸ್ವಿಚ್, ಮಿಡಿ ಕೇಬಲ್ ಸಿಕ್ಕಿಸುವ ಒಂದು ಐದು ಪಿನ್ ಡಿನ್ ಸಾಕೆಟ್, ಎರಡು 220 ಓಮ್ ರೆಸಿಸ್ಟರ್. ಡಬ್ಬಿ ಸೇರಿ ಹದಿನಾರು ನೂರಿನ ಒಳಗೇ ಮುಗಿಯಿತು ಅಂತ ನೆನಪು. ಅಂಗಡಿಯ ಸಿದ್ಧ ಪೆಡಲ್‌ಗೆ ಇದರ ಐದಾರು ಪಟ್ಟು ಕೇಳುತ್ತಾರೆ. ಸಾಕೆಟ್ ಮಾತ್ರ ಹೈದರಾಬಾದಿನ ಕೋಠಿಯಿಂದ ತರಿಸಬೇಕಾಯಿತು.

ಬೋರ್ಡಿನ ಟಿಎಕ್ಸ್‌ನಿಂದ (ಸಂದೇಶ ಹೊರಬರುವ ಪಿನ್) 220 ಓಮ್ ದಾಟಿ ಸಾಕೆಟ್ಟಿನ 5ನೇ ಪಿನ್, 5 ವೋಲ್ಟಿನಿಂದ ಇನ್ನೊಂದು 220 ದಾಟಿ 4ನೇ ಪಿನ್, ನಡುವಿನ 2ನೇ ಪಿನ್ ಗ್ರೌಂಡಿಗೆ. 3.3 ವೋಲ್ಟಿನ ಬೋರ್ಡಾದರೆ 4ಕ್ಕೆ 33, 5ಕ್ಕೆ 10 ಓಮ್. ಎಲ್ಲರೂ ಎಡವುವುದು ಇಲ್ಲೇ: ಪಿನ್ನುಗಳ ಸಾಲು 1-4-2-5-3, ಅದೂ ಸೋಲ್ಡರ್ ಮಾಡುವ ಹಿಂಬದಿಯಿಂದ ನೋಡಿದರೆ ತಿರುವುಮುರುವು. 4 ಮತ್ತು 5 ಅದಲುಬದಲಾದರೆ ಏನೂ ಸುಡುವುದಿಲ್ಲ, ಕೀಬೋರ್ಡ್ ಸುಮ್ಮನಿರುತ್ತದೆ ಅಷ್ಟೇ. ನನ್ನ ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು.

ವೇಗ ಸೆಕೆಂಡಿಗೆ 31250 ಬಿಟ್. ಒಂದನೇ ಚಾನಲ್‌ಗೆ ಕಳಿಸುವ ಕ್ರಮ ಹೀಗೆ: 176, 0, ದೊಡ್ಡ ಬ್ಯಾಂಕ್, 176, 32, ಸಣ್ಣ ಬ್ಯಾಂಕ್, 192, ಪ್ರೋಗ್ರಾಂ, ಕಡೆಗೆ 176, 7, ವಾಲ್ಯೂಮ್. ಬ್ಯಾಂಕ್ ಸಂದೇಶವೊಂದೇ ಹೋದರೆ ಟೋನ್ ಬದಲಾಗುವುದಿಲ್ಲ, ಬೆನ್ನಿಗೆ ಪ್ರೋಗ್ರಾಂ ಬರಲೇಬೇಕು. ಜನರಲ್ ಮಿಡಿ 2 ಅನ್ನುವ ಟೋನ್ ಪಟ್ಟಿಯ ಮಾನದಂಡದಲ್ಲಿ ದೊಡ್ಡ ಬ್ಯಾಂಕ್ ಟೋನುಗಳಿಗೆ 121, ಡ್ರಮ್ಮಿಗೆ 120. ಯಮಾಹಾದ್ದೇ ಮಾನದಂಡವಾದ ಎಕ್ಸ್‌ಜಿಯಲ್ಲಿ ಅವೇ 0 ಮತ್ತು 127. ವಾಲ್ಯೂಮನ್ನು ಪ್ರೋಗ್ರಾಂ ಮುಂಚೆ ಕಳಿಸಿದರೆ ಕೆಲವು ಕೀಬೋರ್ಡುಗಳು ಟೋನ್ ಬದಲಾಗುವಾಗ ಅದನ್ನು ಅಳಿಸಿಬಿಡುತ್ತವೆ. ವಾಲ್ಯೂಮ್ ಬಿಟ್ಟು ಉಳಿದ ಎಂಟು ಬೈಟಿಗೆ ಸುಮಾರು ಎರಡೂವರೆ ಮಿಲಿಸೆಕೆಂಡು ಸಾಕು, ಆದರೂ ಸಂದೇಶಗಳ ನಡುವೆ ಬಿಡುವು ಕೊಡಬೇಕು. ನಾನು ಎಷ್ಟು ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಪ್ರತಿ ಕೀಬೋರ್ಡಿಗೂ ಬೇರೆ, ಕಿವಿಯಿಂದಲೇ ಹುಡುಕಬೇಕು.

ನಂಬರಿನ ತೊಡಕು ಹಳಬರಿಗೂ ತಪ್ಪಿದ್ದಲ್ಲ. ಕೀಬೋರ್ಡಿನ ಟೋನ್ ಪಟ್ಟಿಯಲ್ಲಿ 1ರಿಂದ 128, ತಂತಿಯಲ್ಲಿ 0ಯಿಂದ 127. ಹಾರ್ಮೋನಿಯಂ ಬದಲು ಬಳಸುವ ರೀಡ್ ಆರ್ಗನ್ 21, ಕಳಿಸಬೇಕಾದ್ದು 20. ಅದು ಮರೆತರೆ ಹಾರ್ಮೋನಿಯಂ ಬೇಕಾದಲ್ಲಿ ಅಕಾರ್ಡಿಯನ್, ಸಿತಾರ್ ಬೇಕಾದಲ್ಲಿ ಬ್ಯಾಂಜೊ, ಶಹನಾಯಿ ಬೇಕಾದಲ್ಲಿ ಟಿಂಕಲ್ ಬೆಲ್. ಇವು ಕೇಳಿಬಂದರೆ ಒಂದು ಕಳೆಯಿರಿ, ಬೇರೇನೂ ಹುಡುಕಬೇಡಿ. ಏನೂ ಬದಲಾಗದಿದ್ದರೆ ಚಾನಲ್ ನೋಡಿ, ಆಮೇಲೆ ಕೀಬೋರ್ಡಿನ ಮೆನುವಿನಲ್ಲಿ ಪ್ರೋಗ್ರಾಂ ಚೇಂಜ್ ಸ್ವೀಕಾರ ಆನ್ ಇದೆಯೇ ನೋಡಿ. ಬ್ಯಾಂಕಿಗೆ ಕೆಲವದರಲ್ಲಿ ಬೇರೆಯೇ ಆನ್-ಆಫ್ ಇರುತ್ತದೆ.

ಒಂದೊಂದು ಸ್ವಿಚ್ಚಿಗೆ ಒಂದೊಂದು ಟೋನ್ ಕೊಡಬೇಡಿ. ಕಾಲಿಗೆ ನಾಲ್ಕಕ್ಕಿಂತ ಹೆಚ್ಚು ಸ್ವಿಚ್ ನೆನಪಿರುವುದಿಲ್ಲ. ರಾತ್ರಿಯ ಹಾಡುಗಳನ್ನು ಕ್ರಮವಾಗಿ ಬರೆದು, ಪ್ರತಿ ಬದಲಾವಣೆಗೂ ನಾಲ್ಕು ಸಂಖ್ಯೆಯ (ಎರಡು ಬ್ಯಾಂಕ್, ಪ್ರೋಗ್ರಾಂ, ವಾಲ್ಯೂಮ್) ಒಂದು ಸಾಲು ಮಾಡಿದೆ. ಒಂದು ಸ್ವಿಚ್ ಮುಂದಕ್ಕೆ, ಒಂದು ಹಿಂದಕ್ಕೆ. ವಚನಕ್ಕೆ ಹಾರ್ಮೋನಿಯಂ, ಪಲ್ಲವಿ ಮುಗಿದ ಮೇಲೆ ಸ್ಟ್ರಿಂಗ್ಸ್, ಮತ್ತೆ ಹಾರ್ಮೋನಿಯಂ: ಮೂರು ಸಲ ಮುಂದಕ್ಕೆ, ಅಷ್ಟೇ. ಉನೊದ ಇಇಪ್ರಾಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) 1024 ಬೈಟ್, ಇನ್ನೂರೈವತ್ತು ಸಾಲು ಆರಾಮಾಗಿ ಹಿಡಿಯುತ್ತದೆ. ಎಲ್ಲಿದ್ದೇವೆ ಅನ್ನುವುದನ್ನೂ ಅಲ್ಲೇ ಬರೆದಿಡುವುದರಿಂದ ಕರೆಂಟ್ ಹೋಗಿ ಬಂದರೂ ಅದೇ ಹಾಡಿಗೆ ನಿಲ್ಲುತ್ತದೆ. ಆದರೆ ಆರ್ಡುಯಿನೊ ಎರಡು ಸೆಕೆಂಡಿಗೆ ಏಳುತ್ತದೆ, ಕೀಬೋರ್ಡ್ ಹತ್ತು ಹದಿನೈದು ಸೆಕೆಂಡು ತೆಗೆದುಕೊಳ್ಳುತ್ತದೆ. ಮೊದಲೇ ಕಳಿಸಿದ್ದು ಗಾಳಿಗೆ ಹೋಗುತ್ತದೆ. ಮೂರನೇ ಸ್ವಿಚ್ ಇರುವುದು ಅದಕ್ಕೇ: 'ಇದ್ದದ್ದನ್ನೇ ಮತ್ತೆ ಕಳಿಸು'.

ಸ್ವಿಚ್ ಒತ್ತಿದಾಗ ಒಳಗಿನ ತಗಡು ನಾಲ್ಕಾರು ಸಲ ಕುಣಿಯುತ್ತದೆ. 30 ಮಿಲಿಸೆಕೆಂಡು ಕಾಯದಿದ್ದರೆ ಎರಡು ಸಾಲು ಹಾರುತ್ತದೆ. ಗಿಟಾರ್ ಪೆಡಲಿನ ಸ್ವಿಚ್ ಒತ್ತಿದಲ್ಲೇ ನಿಲ್ಲುವ ಜಾತಿ, ಅದು ಬೇಡ. ಇನ್ನೊಂದು ಕಾಟ ವೇದಿಕೆಯ ಡಿಮ್ಮರ್ ಲೈಟುಗಳದ್ದು. ಸ್ವಿಚ್ಚಿನ ತಂತಿ ಉದ್ದವಾದರೆ ಯಾರೂ ಒತ್ತದೆಯೇ ಹಾಡು ಮುಂದೆ ಹೋಗುತ್ತದೆ, ಏಕೆಂದರೆ ಚಿಪ್ಪಿನ ಒಳಗಿನ ಪುಲ್‌ಅಪ್ (ಒತ್ತದಿರುವಾಗ ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಭಾಳ ದುರ್ಬಲ. ಹೊರಗಿನಿಂದ 4.7 ಕಿಲೋ ಓಮ್ ಪುಲ್‌ಅಪ್, ಜೊತೆಗೆ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಅದು ನಿಂತಿತು.

ಎಲ್‌ಸಿಡಿಯಲ್ಲಿ ಹಾಡಿನ ಹೆಸರು ತೋರಿಸಲು ಹೋಗಿ ಕೈ ಸುಟ್ಟುಕೊಂಡೆ. ಮೇ ತಿಂಗಳ ನಮ್ಮೂರ ಬಿಸಿಲಿಗೆ ಪರದೆ ಪೂರ್ತಿ ಕಪ್ಪಾಗುತ್ತದೆ, ಸಂಜೆ ತಂಪಾದರೆ ಅಕ್ಷರ ಮಾಯ. ಕಾಂಟ್ರಾಸ್ಟ್ ತಿರುಗಿಸುವುದೇ ಒಂದು ಕೆಲಸವಾಯಿತು. ಈಗ ಎರಡಂಕಿಯ ಕೆಂಪು ಎಲ್‌ಇಡಿ, ಹಾಡಿನ ನಂಬರ್ ಮಾತ್ರ.

ಒತ್ತಿದ ಸ್ವರ ಟೋನ್ ಬದಲಾದೊಡನೆ ಕಡಿದುಹೋಗುವ ಕೀಬೋರ್ಡುಗಳಿಗೆ ಬೇರೆ ದಾರಿ ಹಿಡಿದೆ. ಲೋಕಲ್ ಆಫ್ ಮಾಡಿ (ಅಂದರೆ ಮನೆಗಳನ್ನು ಒತ್ತಿದರೆ ಕೀಬೋರ್ಡ್ ತಾನಾಗಿ ನುಡಿಯದಂತೆ ಮಾಡಿ), ಕೀಬೋರ್ಡಿನ ಮಿಡಿ ಔಟನ್ನು 6ಎನ್138 ಅನ್ನುವ ಆಪ್ಟೊಕಪ್ಲರ್ (ಬೆಳಕಿನಿಂದ ಸಂಕೇತ ದಾಟಿಸುವ ಚಿಪ್) ಮೂಲಕ ಆರ್ಡುಯಿನೊಗೆ ತಂದು, ಚಾನಲ್ ಬದಲಿಸಿ ವಾಪಸ್ ಕೀಬೋರ್ಡಿನ ಇನ್‌ಗೆ ಕೊಡುವುದು. ಮೊದಲನೇ ಚಾನಲ್ಲಿನಲ್ಲಿ ಹಾರ್ಮೋನಿಯಂ, ಎರಡನೆಯದರಲ್ಲಿ ಸ್ಟ್ರಿಂಗ್ಸ್ ಮೊದಲೇ ಸಿದ್ಧವಿರುತ್ತದೆ. ಲೋಕಲ್ ಆನ್ ಉಳಿದರೆ ಪ್ರತಿ ಸ್ವರವೂ ಎರಡೆರಡು ಸಲ ಕೇಳುತ್ತದೆ. ಯಾವ ಸ್ವರ ಯಾವ ಚಾನಲ್ಲಿನಲ್ಲಿ ಶುರುವಾಯಿತೋ ಅದರ ನೋಟ್ ಆಫ್ (ಸ್ವರ ನಿಲ್ಲಿಸುವ ಸಂದೇಶ) ಅಲ್ಲಿಗೇ ಹೋಗಬೇಕು, ಇಲ್ಲದಿದ್ದರೆ ಸ್ವರ ನೇತಾಡುತ್ತದೆ. ಸ್ವರಕ್ಕೊಂದರಂತೆ ಚಾನಲ್ ಬರೆದಿಡುವ 128 ಬೈಟಿನ ಒಂದು ಪಟ್ಟಿ ಇಟ್ಟರೆ ಆಯಿತು. ಸಸ್ಟೇನ್ ಪೆಡಲ್ ಒತ್ತಿಕೊಂಡೇ ಚಾನಲ್ ದಾಟುವುದನ್ನೂ ಸಾಧಿಸಿದ್ದೇನೆ. ಆ ಕೋಡ್ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೋರ್ಡಿನ ಕೋಡ್ ಬದಲಿಸುವಾಗ 6ಎನ್138ನಿಂದ ಆರ್‌ಎಕ್ಸ್ (ಸಂದೇಶ ಒಳಬರುವ) ಪಿನ್ನಿಗೆ ಹೋದ ತಂತಿ ಬಿಚ್ಚಿ, ಇಲ್ಲದಿದ್ದರೆ ಅಪ್‌ಲೋಡ್ ಆಗುವುದಿಲ್ಲ. ಅದಕ್ಕೊಂದು ಚಿಕ್ಕ ಸ್ಲೈಡ್ ಸ್ವಿಚ್ಚನ್ನು ಡಬ್ಬಿಯ ಪಕ್ಕಕ್ಕೇ ಕೂರಿಸಿದ್ದೇನೆ.